ಭಿಕ್ಷುವೂ ಕವಿಯೂ ಆದ ಅಶ್ವಘೋಷ

ಸಂಸ್ಕೃತ ಕಾವ್ಯವೆಂದೊಡನೆ ನಮ್ಮ ವಿದ್ಯಾವಂತರ ನೆನಪಿಗೆ ಮೊದಲು ಬರುವ ಹೆಸರು ಕಾಳಿದಾಸನದು. ಆತನಿಗಿಂತ ಬಹು ಮುಂಚೆ, ಕ್ರಿಸ್ತಶಕದ ಮೊದಲೆರಡು ಶತಮಾನಗಳ ಅವಧಿಯಲ್ಲಿಯೇ, ಮಹಾಕಾವ್ಯವನ್ನೂ ನಾಟಕವನ್ನೂ ರಚಿಸಿ ಮೆರೆದವನೊಬ್ಬ ಬೌದ್ಧಭಿಕ್ಷುವೆಂಬುದನ್ನು ಬಲ್ಲವರು ವಿರಳ. ಸಾಕೇತದ ಸುವರ್ಣಾಕ್ಷಿಯ ಪುತ್ರನಾದ ಅಶ್ವಘೋಷನೇ ಈ ಕವಿ.

ನೃತ್ಯಗೀತವಾದ್ಯಗಳನ್ನು ನೋಡಿ ಕೇಳಿ ನಲಿಯಕೂಡದೆಂಬುದು ಭಿಕ್ಷುಗಳಿಗೆ ವಿಧಿಸಿದ ನಿಯಮ. ಹೀಗಿರಲು ಭಿಕ್ಷುವೇ ನಾಟಕಕಾರನಾಗುವುದೆಂತು? ಈ ಆಕ್ಷೇಪಕ್ಕೆ ಆತನು ‘ಸೌಂದರನಂದ’ದ ಕೊನೆಯಲ್ಲಿ ಸಮಾಧಾನವನ್ನು ಹೇಳಿರುವನು: ತಾನು ಬರೆದುದು ಶಾಂತಿಗಾಗಿಯೇ ಹೊರತು ರಂಜನೆಗಾಗಿ ಅಲ್ಲ, ಕಾವ್ಯಧರ್ಮವು ಕಹಿಯ ಮದ್ದಿಗೆ ಬೆರೆಸಿದ ಜೇನು ಮಾತ್ರವೆಂದು. ಓದುವವರಿಗೆ ಜೇನಿನ ಪಾಲೇ ಹೆಚ್ಚೆಂದು ತೋರಿದರೆ ತಪ್ಪು ಅವರದಲ್ಲ.

ಕಥೆಯನ್ನೇ ನೋಡಿರಿ. ಬುದ್ಧನ ತಮ್ಮನಾದ ನಂದನು ಮಡದಿ ಸುಂದರಿಯೊಡನೆ ವಿನೋದದಲ್ಲಿರುವಾಗ, ಅಣ್ಣನು ಮನೆಯ ಬಾಗಿಲಿಗೆ ಬಂದು ಭಿಕ್ಷೆಯಿಲ್ಲದೆ ಹಿಂದಿರುಗಿದನೆಂಬ ಸುದ್ದಿ ಬರುತ್ತದೆ. ಮುಖದ ಮೇಲಿನ ಪತ್ರಲೇಖೆಯು ಆರುವುದರೊಳಗಾಗಿ ಮರಳಬೇಕೆಂದು ಕಟ್ಟು ಮಾಡಿ ಆಕೆ ಗಂಡನನ್ನು ಕಳುಹಿಸುತ್ತಾಳೆ. ಆತನು ಮರಳುವುದಿಲ್ಲ, ಕೈಗೆ ಭಿಕ್ಷಾಪಾತ್ರೆ ಬರುತ್ತದೆ, ತಲೆ ಬೋಳಾಗುತ್ತದೆ. ಮನಸ್ಸು ಮಾತ್ರ ಮನೆಯಲ್ಲಿಯೇ ಉಳಿಯುತ್ತದೆ. ಬುದ್ಧನು ಹಿಮವಂತದಲ್ಲಿ ಒಕ್ಕಣ್ಣಿನ ಕೋತಿಯನ್ನೂ ಸ್ವರ್ಗದಲ್ಲಿ ಅಪ್ಸರೆಯರನ್ನೂ ತೋರಿಸಲು, ನಂದನು ಸುಂದರಿಯನ್ನು ಮರೆತು ಅಪ್ಸರೆಯರಿಗಾಗಿ ತಪಸ್ಸಿಗೆ ತೊಡಗುತ್ತಾನೆ! ಆನಂದನು ಮೂದಲಿಸಿದ ಬಳಿಕವೇ ಆತನಿಗೆ ನಾಚಿಕೆ. ವೈರಾಗ್ಯವನ್ನು ಬೋಧಿಸುವ ಕವಿ ಸುಂದರಿಯ ವಿಲಾಪಕ್ಕೆ ಒಂದು ಸರ್ಗವನ್ನೇ ಮೀಸಲಿಟ್ಟಿರುವನೆಂಬುದು ಗಮನಾರ್ಹ.

ಇಂತಹ ಕವಿಯನ್ನು ನಾವು ಕಾಪಾಡಿಕೊಂಡ ಬಗೆ ಹೆಮ್ಮೆಪಡತಕ್ಕುದಲ್ಲ. ‘ಬುದ್ಧಚರಿತ’ದ 28 ಸರ್ಗಗಳೂ ಚೀನೀ ಮತ್ತು ಟಿಬೆಟ್ ಭಾಷಾಂತರಗಳಲ್ಲಿ ಉಳಿದಿವೆ, ಮೂಲ ಸಂಸ್ಕೃತದಲ್ಲಿ ದೊರೆತುದು ಸುಮಾರು ಅರ್ಧಭಾಗ ಮಾತ್ರ. ಕೊರತೆಯನ್ನು ಕಂಡು ನೇಪಾಳದ ಅಮೃತಾನಂದ ಪಂಡಿತರು 1830ರಲ್ಲಿ ತಾವೇ ಕೆಲವು ಸರ್ಗಗಳನ್ನು ರಚಿಸಿ ಸೇರಿಸಿದರು. ‘ಸೌಂದರನಂದ’ವನ್ನು ನೇಪಾಳದ ಹಸ್ತಪ್ರತಿಗಳಿಂದ ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಪ್ರಕಟಪಡಿಸಿದರು.

ನಾಟಕದ ಗತಿಯಂತೂ ಇನ್ನೂ ವಿಚಿತ್ರ. ಮಧ್ಯ ಏಷ್ಯದಲ್ಲಿ ದೊರೆತ ತಾಳೆಗರಿಯ ಚೂರುಗಳನ್ನು ಜೋಡಿಸಿ ಜರ್ಮನ್ ವಿದ್ವಾಂಸ ಲ್ಯೂಡರ್ಸ್ 1911ರಲ್ಲಿ ಅಚ್ಚು ಹಾಕಿಸಿದಾಗಲೇ ‘ಶಾರಿಪುತ್ರಪ್ರಕರಣ’ವು ಲೋಕಕ್ಕೆ ತಿಳಿದುದು. ಶಾರಿಪುತ್ರ ಮೌದ್ಗಲ್ಯಾಯನರು ಸಂಘವನ್ನು ಸೇರುವ ಕಥೆ, ಅಂಕಗಳು ಒಂಬತ್ತು. ಇಂತಹ ಗಂಭೀರ ವಸ್ತುವಿನಲ್ಲಿಯೂ ವಿದೂಷಕನು ತಪ್ಪಿಲ್ಲ! ಉತ್ತಮಪಾತ್ರಗಳಿಗೆ ಸಂಸ್ಕೃತ, ಇತರರಿಗೆ ಪ್ರಾಕೃತವೆಂಬ ಕ್ರಮವೂ ಆಗಲೇ ಸ್ಥಿರಪಟ್ಟಿದೆ. ಹೀಗೆ ಪಳಗಿದ ರಂಗಸಂಪ್ರದಾಯವು ಒಬ್ಬನಿಂದ ಒಂದೇ ದಿನದಲ್ಲಿ ಹುಟ್ಟತಕ್ಕುದಲ್ಲ. ಆತನಿಗೆ ದಾರಿಯನ್ನು ಹಾಕಿಕೊಟ್ಟ ನಾಟಕಕಾರರ ಗರಿಗಳನ್ನು ಯಾವ ಮರಳೂ ಉಳಿಸಿಕೊಟ್ಟಿಲ್ಲ.