ಸ್ಟೌಟ್ ಎಂಬ ಕಪ್ಪು ಬೀರಿನ ರಸವಿಚಾರ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದೆಂದು ಆಲಂಕಾರಿಕರು ವಿಧಿಸಿರುವುದು ವಾಚಕರಿಗೆ ತಿಳಿದೇ ಇದೆ. ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ, ಅರ್ಜುನನು ದ್ವಾರಾವತಿಯ ಸೂಳೆಗೇರಿಯನ್ನು ಹಾದುಹೋಗುವಾಗ, ಪಾನಗೋಷ್ಠಿಯ ಚಿತ್ರ ಬರುತ್ತದೆ. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವು ಮದಿರಾಪಾನವನ್ನು ಅರಸರ ಕ್ರೀಡೆಗಳಲ್ಲಿ ಎಣಿಸುತ್ತದೆ. ಆದರೆ ಇಂಥ ವರ್ಣನೆಗಳಲ್ಲಿ ಹೆಚ್ಚಾಗಿ ಕಾಣುವುದು ಬಟ್ಟಲಿನ ಅಂದ, ನಂಜಿಕೊಳ್ಳುವ ಚಕ್ಕಣ, ಸೊಕ್ಕಿದವರ ತೊದಲು; ಪಾನದ ರುಚಿಯ ಮಾತು ವಿರಳ. ಆದಕಾರಣ ಸ್ಟೌಟಿನ ರುಚಿಯನ್ನು ಕನ್ನಡದಲ್ಲಿ ಹೇಳಹೊರಟವನು ಮಾತುಗಳನ್ನು ಅಡಿಗೆಮನೆಯಲ್ಲಿಯೂ ತೋಟದಲ್ಲಿಯೂ ಹುಡುಕಬೇಕಾಗುತ್ತದೆ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಪೋರ್ಟರ್ ಎಂಬ ಕಂದು ಬೀರು ಬಳಕೆಗೆ ಬಂದಿತು. ಅದರಲ್ಲಿ ಗಡುಸಾದುದಕ್ಕೆ ಸ್ಟೌಟ್ ಎಂಬ ಹೆಸರಾಯಿತು. 1817ರಲ್ಲಿ ಡೇನಿಯಲ್ ವ್ಹೀಲರ್ ಎಂಬಾತನು ಮೊಳೆಯಿಸಿ ಒಣಗಿಸಿದ ಜವೆಯನ್ನು ಉರುಳುವ ಪೀಪಾಯಿಯಲ್ಲಿ ಕರ್ರಗೆ ಹುರಿಯುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಆ ಯಂತ್ರವು ಕಾಫಿ ಹುರಿಯುವ ಪೀಪಾಯಿಯನ್ನೇ ಹೋಲುತ್ತಿತ್ತು. ಎರಡು ಪಾನಗಳ ನೆಂಟಸ್ತಿಕೆ ಹೀಗೆ ಬೆಂಕಿಯಲ್ಲಿಯೇ ಮೊದಲಾಯಿತು. ಹುರಿಯುವಾಗ ಸಕ್ಕರೆಯ ಅಂಶಗಳೂ ಅಮೈನೋ ಆಮ್ಲಗಳೂ ಕೂಡಿ ಬಣ್ಣವನ್ನೂ ಪರಿಮಳವನ್ನೂ ಹುಟ್ಟಿಸುವ ಪರಿಯನ್ನು 1912ರಲ್ಲಿ ಫ್ರಾನ್ಸಿನ ಮಯ್ಯಾರ್ ವಿವರಿಸಿದನು. ನಮ್ಮ ನಾಡಿನಲ್ಲಿ ಬೀರಿನ ಉದ್ಯಮವು ಬಲಗೊಂಡುದು 1915ರಲ್ಲಿ ಥಾಮಸ್ ಲೀಷ್ಮನ್ ಯುನೈಟೆಡ್ ಬ್ರೂವರೀಸನ್ನು ಕಟ್ಟಿದಂದಿನಿಂದ.

ಕಾವೇರಿಯ ದಡದ ನೆಲ್ಯಹುದಿಕೇರಿಯ ಸುತ್ತ ಕಾಫಿ ತೋಟಗಳೇ ಇವೆ. ಕೊಡಗಿನಲ್ಲಿ ಬೈನೆಯ ಕಳ್ಳು ಪರಿಚಿತವಾದುದೇ ಆದರೂ, ಸಿಹಿ ಹುಳಿಗಳ ಆ ಪಾನದಿಂದ ಸ್ಟೌಟನ್ನು ಅಳೆಯಲಾಗದು, ಅಳತೆಗೋಲು ಕಾಫಿಯೇ. ಸ್ಟೌಟನ್ನು ತೀರ ತಣ್ಣಗೆ ಕುಡಿದರೆ ಪರಿಮಳ ಮುಚ್ಚಿಹೋಗುತ್ತದೆ. ಹತ್ತು ಹನ್ನೆರಡು ಡಿಗ್ರಿ ಸೆಂಟಿಗ್ರೇಡಿನಲ್ಲಿಟ್ಟು ಮೂಸಿದರೆ ಮೊದಲು ಹುರಿದ ಬೀಜದ ಕಂಪು, ಅದರ ಹಿಂದೆ ಕಾಕಂಬಿಯ ನೆನಪು. ಗುಟುಕರಿಸಿದಾಗ ತುಸು ಸಿಹಿ, ತುಸು ಹುಳಿ, ಆಮೇಲೆ ಕಹಿ. ಈ ಕಹಿಯೂ ಒಂದೇ ಅಲ್ಲ: ಹಾಪ್ ಎಂಬ ಬಳ್ಳಿಯ ಹೂಗೊಂಚಲು ಕೊಡುವುದೊಂದು, ಹುರಿದ ಕಾಳು ಕೊಡುವುದೊಂದು. ಹುರಿತ ಹದ ಮೀರಿದರೆ ಎರಡನೆಯದು ಪಾತ್ರೆಯ ತಳದ ಸೀಕಲಿನಂತಾಗುತ್ತದೆ. ಸೀದುದನ್ನೂ ಹುರಿದುದನ್ನೂ ಬೇರ್ಪಡಿಸುವ ನಾಲಗೆ ಕಾಫಿಯ ಸೀಮೆಯವರಿಗೆ ಅಭ್ಯಾಸದಿಂದಲೇ ಬಂದಿರುತ್ತದೆ.

ಇಲ್ಲಿ ಅಧ್ಯಾಪಕರು ಎಚ್ಚರ ವಹಿಸಬೇಕಾದ ಶಬ್ದಗಳುಂಟು. ಷಡ್ರಸಗಳಲ್ಲಿ ತಿಕ್ತವೇ ಕಹಿ, ಕಟುವೆಂದರೆ ಖಾರ. ‘ಕಟುಸತ್ಯ’ವೆಂದು ಬರೆಯುವಾಗ ನಾವು ಕಹಿಯನ್ನೇ ಭಾವಿಸಿ ಎರಡನ್ನೂ ಕಲಸಿದ್ದೇವೆ. ಕಷಾಯವೆಂದರೆ ಒಗರು, ಈಗಿನ ಮಾತಿನಲ್ಲಿ ಅದು ಕುದಿಸಿದ ಮದ್ದಿನ ಹೆಸರಾಗಿ ನಿಂತಿದೆ. ದೇಶ್ಯಗಳು ಇಷ್ಟು ಕೆಟ್ಟಿಲ್ಲ. ಹಳಗನ್ನಡದ ಕಯ್ಪೆ ಇಂದಿನ ಕಹಿಯಾಗಿ ಉಳಿದಿದೆ. ಕೊಡಗಿನಲ್ಲಿ ಕೇಳಿಬರುವ ಮಲೆಯಾಳದಲ್ಲಿಯೂ ಅದರ ಒಡಹುಟ್ಟಾದ ಕೈಪ್ಪ್ ಇದೆ. ಒಗರಿಗೂ ಹಸಿ ಅಡಕೆಯನ್ನು ಕಚ್ಚಿದವನಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ತೊಡಕು ಬರುವುದು ಇಂಗ್ಲಿಷಿನವರು ‘ಡ್ರೈ’ ಎನ್ನುವ ಗುಣದಲ್ಲಿ. ಡಬ್ಲಿನ್ನಿನ ಸ್ಟೌಟಿಗೆ ಈ ವಿಶೇಷಣ ಸಲ್ಲುತ್ತದೆ. ಅದನ್ನು ‘ಒಣ’ ಎಂದರೆ ನಗೆಪಾಟಲು. ‘ಒಗರು’ ಎಂದರೆ ಅರ್ಧ ನಿಜ. ಸಿಹಿಯೆಲ್ಲ ಹುದುಗಿನಲ್ಲಿ ಕರಗಿ, ಗುಟುಕಿನ ಕೊನೆಯಲ್ಲಿ ಬಾಯಿ ಬರಿದಾಗುವುದು ಅದರ ಮುಖ್ಯಾರ್ಥ. ಸಕ್ಕರೆಯಿಲ್ಲದ ಕರಿಕಾಫಿಯನ್ನು ‘ಸಪ್ಪೆ’ ಎನ್ನುವ ರೂಢಿಯುಂಟಷ್ಟೆ. ಸಿಹಿಯ ಅಭಾವವನ್ನು ಸೂಚಿಸುವ ಆ ಶಬ್ದವು ಉಪ್ಪಿನ ಅಭಾವಕ್ಕೂ ಸಲ್ಲುವುದರಿಂದ ಇಲ್ಲಿ ಒದಗದು. ‘ಸಿಹಿ ಉಳಿಯದ’ ಎಂದು ಬಿಡಿಸಿ ಹೇಳುವುದೇ ಸದ್ಯಕ್ಕೆ ಲೇಸು.