ಪೆಟ್ಟಿಗೆ ಮಾಡದ ಆರ್ಕ್‌ರೈಟ್

ಹೈಸ್ಕೂಲಿನ ಕೈಗಾರಿಕಾ ಕ್ರಾಂತಿ ಪಾಠ ನೆನಪಿದೆಯಾ? ಹಾರ್‌ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್, ಕಾರ್ಟ್‌ರೈಟ್ ಎಲ್ಲರೂ ‘ಹೊಂದಿಸಿ ಬರೆಯಿರಿ’ಯ ಖಾಯಂ ಗಿರಾಕಿಗಳು. ಈಗ ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ನನಗೆ ಇವರಲ್ಲೊಬ್ಬನ ಯಂತ್ರದಷ್ಟೇ ಅಡ್ಡಹೆಸರೂ ಕುತೂಹಲ ಹುಟ್ಟಿಸಿದೆ.

ಆರ್ಕ್‌ರೈಟ್ ಎಂಬುದು ಇಂಗ್ಲೆಂಡಿನಲ್ಲೂ ಅಪರೂಪದ ಹೆಸರು, ಹೆಚ್ಚಾಗಿ ಲ್ಯಾಂಕಾಷೈರ್ ಕಡೆಯದು. ‘ಆರ್ಕ್’ ಅಂದರೆ ಪೆಟ್ಟಿಗೆ. ಮೂಲ ಲ್ಯಾಟಿನ್ನಿನ ‘ಆರ್ಕಾ’. ಬೈಬಲ್ಲಿನ ನೋಹನ ನಾವೆಗೂ ಇಂಗ್ಲಿಷಿನಲ್ಲಿ ಇದೇ ಪದ. ಉತ್ತರ ಇಂಗ್ಲೆಂಡಿನ ಮನೆಗಳಲ್ಲಿ ಹಿಟ್ಟು, ಕಾಳು ತುಂಬಿಡುವ ದೊಡ್ಡ ಮರದ ಪೆಟ್ಟಿಗೆಯೇ ಆರ್ಕ್. ನಮ್ಮಜ್ಜಿ ನೋಡಿದ್ದರೆ ಸಂದೂಕ ಅನ್ನುತ್ತಿದ್ದಳು. ಇನ್ನು ‘ರೈಟ್’ ಅಂದರೆ ಬರೆಯುವುದೂ ಅಲ್ಲ, ಸರಿ ಎಂಬುದೂ ಅಲ್ಲ. ಅದು ‘ವರ್ಕ್’ ಪದದ ಹತ್ತಿರದ ನೆಂಟ, ಅರ್ಥ ‘ಮಾಡುವವನು’. ಗಾಲಿ ಮಾಡುವವನು ವೀಲ್‌ರೈಟ್, ಗಾಡಿ ಮಾಡುವವನು ಕಾರ್ಟ್‌ರೈಟ್, ಪೆಟ್ಟಿಗೆ ಮಾಡುವವನು ಆರ್ಕ್‌ರೈಟ್. ಒಟ್ಟಿನಲ್ಲಿ ಬಡಗಿಗಳ ಬಳಗ. (ವಿಮಾನದ ರೈಟ್ ಸಹೋದರರದ್ದೂ ಇದೇ ‘ರೈಟ್’. ಅವರಿಗೆ ಹೆಸರು ಹೇಗೋ ಒಪ್ಪಿತು ಬಿಡಿ!)

ಆದರೆ 1732ರಲ್ಲಿ ಪ್ರೆಸ್ಟನ್‌ನಲ್ಲಿ ಹುಟ್ಟಿದ ರಿಚರ್ಡ್ ಆರ್ಕ್‌ರೈಟ್ ಪೆಟ್ಟಿಗೆ ಮಾಡುವವನಾಗಿರಲಿಲ್ಲ. ಅಪ್ಪ ದರ್ಜಿ. ಮಗ ಕ್ಷೌರ ಮಾಡುತ್ತಿದ್ದ, ಕೂದಲು ಕೊಂಡು ವಿಗ್ ತಯಾರಿಸುತ್ತಿದ್ದ. ಅಂಥವನು ಗಡಿಯಾರ ತಯಾರಕ ಜಾನ್ ಕೇ ಜೊತೆ ಸೇರಿ ನೂಲುವ ಯಂತ್ರಕ್ಕೆ ಕೈಹಾಕಿದ. 1769ರಲ್ಲಿ ಪೇಟೆಂಟ್ ಪಡೆದ, 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ನಡೆಯುವ ಗಿರಣಿ ಶುರು ಮಾಡಿದ. ಯಂತ್ರದ ಗುಟ್ಟು ರೋಲರ್‌ಗಳಲ್ಲಿದೆ. ಮೊದಲ ಜೋಡಿಗಿಂತ ಮುಂದಿನ ಜೋಡಿ ಜೋರಾಗಿ ತಿರುಗುವುದರಿಂದ ಹತ್ತಿಯ ಎಳೆ ಜಗ್ಗಿ ತೆಳ್ಳಗಾಗುತ್ತದೆ, ಆಮೇಲೆ ಕದಿರು ಅದನ್ನು ಹೊಸೆಯುತ್ತದೆ. ಇಂದಿನ ಸ್ಪಿನ್ನಿಂಗ್ ಮಿಲ್‌ಗಳಲ್ಲೂ ಇದೇ ತತ್ವ. ಈ ಐಡಿಯಾ ಅವನದೇ ಅಲ್ಲ ಎಂಬ ತಕರಾರು ಕೋರ್ಟಿಗೆ ಹೋಗಿ 1785ರಲ್ಲಿ ಪೇಟೆಂಟ್ ರದ್ದಾಯಿತು. ಆದರೂ ಮರುವರ್ಷವೇ ‘ಸರ್’ ಪದವಿ ಬಂತು! ಪವರ್ ಲೂಮ್‌ನ ಎಡ್ಮಂಡ್ ಕಾರ್ಟ್‌ರೈಟ್ ಕೂಡ ಗಾಡಿ ಮಾಡಿದವನಲ್ಲ, ಚರ್ಚಿನ ಪಾದ್ರಿ.

ಇಂಗ್ಲೆಂಡಿನಲ್ಲಿ ಸುಮಾರು 1400ರ ಹೊತ್ತಿಗೆ ಹೆಚ್ಚಿನ ಮನೆತನಗಳ ಅಡ್ಡಹೆಸರು ವಂಶಪಾರಂಪರ್ಯವಾಗಿತ್ತು. ಮಕ್ಕಳು ಬೇರೆ ಉದ್ಯೋಗ ಹಿಡಿದರು, ಹೆಸರು ಮಾತ್ರ ಉಳಿಯಿತು. ಕೇಳಿದವರಿಗೆ ಅದರಿಂದ ಕಸುಬು ತಿಳಿಯುವುದು ನಿಂತೇಹೋಯಿತು.

ಉತ್ತರ ಕರ್ನಾಟಕದ ಕಡೆಯೂ ಕಸುಬಿನ ಅಡ್ಡಹೆಸರುಗಳು ಬೇಕಾದಷ್ಟಿವೆ. ಕಮ್ಮಾರ, ಕುಂಬಾರ, ಬಡಿಗೇರ. ಆದರೆ ಇಲ್ಲಿ ಹೆಸರು ಕಿವಿಗೆ ಬಿದ್ದೊಡನೆ ಕಸುಬೂ, ಅದರ ಹಿಂದೆಯೇ ಜಾತಿಯೂ ತಿಳಿದುಬಿಡುತ್ತದೆ. ನಾನೂ ಬಡಿಗೇರ. ಅಪ್ಪ ಬಾಗಿಲು, ಕಿಟಕಿ ಮಾಡುತ್ತಾರೆ. ಅವರ ಕೆಲಸದ ಬಗ್ಗೆ ನನಗೆ ಹೆಮ್ಮೆಯೇ ಇದೆ, ಮಿಲಿಮೀಟರ್ ಲೆಕ್ಕ ನಾನು ಮೊದಲು ಕಲಿತದ್ದೇ ಅವರಿಂದ. ಕಿರಿಕಿರಿಯಾಗುವುದು ಕೇಳುವವರ ಧಾಟಿಗೆ. ಕಳೆದ ತಿಂಗಳ ಅಣಕು ಸಂದರ್ಶನದಲ್ಲಿ ರೆಸ್ಯೂಮೆ ಕೈಗೆತ್ತಿಕೊಂಡವರ ಮೊದಲ ಪ್ರಶ್ನೆ, “ಬಡಿಗೇರ ಅಂದ್ರ ಮನ್ಯಾಗ ಕಟಿಗಿ ಕೆಲಸೇನಪಾ?”

“ಹೌದ್ರಿ ಸರ್” ಅಂದೆ. ನನ್ನ ಪ್ರಾಜೆಕ್ಟಿನ ಪುಟ ತಿರುವಿ ಅವರ ಮುಂದಿಟ್ಟೆ.