ದುಡ್ಡು ಕೊಟ್ಟು ಬರೆಸಿದ ಸಾಫ್ಟ್‌ವೇರ್: ಸೋರ್ಸ್ ಕೋಡ್ ಯಾರದು?

ಅಮೀನಗಡದ ಕರದಂಟು ಅಂಗಡಿಯವರೋ ಇಳಕಲ್ಲಿನ ಸೀರೆ ವ್ಯಾಪಾರಿಗಳೋ ಬಿಲ್ಲು, ಸ್ಟಾಕು, ಕೊರಿಯರ್ ಲೆಕ್ಕಕ್ಕೆಂದು ತಮಗೆ ಬೇಕಾದ ಹಾಗೆ ಸಾಫ್ಟ್‌ವೇರ್ ಬರೆಸುತ್ತಾರೆ ಅನ್ನಿ. ಒಂದೆರಡು ವರ್ಷ ಕಳೆದ ಮೇಲೆ ಬಿಲ್ಲಿನಲ್ಲಿ ಸಣ್ಣ ಬದಲಾವಣೆ ಬೇಕಾಗುತ್ತದೆ. ಬರೆದುಕೊಟ್ಟವರು ಊರು ಬಿಟ್ಟಿರುತ್ತಾರೆ. ಬೇರೆಯವರನ್ನು ಕರೆಸಿದರೆ ಅವರು ಮೊದಲು ಕೇಳುವುದೇ ‘ಸೋರ್ಸ್ ಕೋಡ್ ಎಲ್ಲಿದೆ?’ ಎಂದು.

ಸೋರ್ಸ್ ಕೋಡ್ ಎಂದರೆ ಪ್ರೋಗ್ರಾಮರ್ ಕೈಯಾರೆ ಬರೆದ ಮೂಲ ಬರಹ. ಅದನ್ನು ಓದಬಹುದು, ತಿದ್ದಬಹುದು. ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ಬಹುಪಾಲು ಅದಲ್ಲ, ಯಂತ್ರಕ್ಕಾಗಿ ಮಾರ್ಪಡಿಸಿದ ಫೈಲು. ಅದು ಓಡುತ್ತದೆ. ಆದರೆ ಅದನ್ನು ಬಿಚ್ಚಿ ತಿದ್ದುವುದು ಬಹಳ ಕಷ್ಟ.

‘ದುಡ್ಡು ಪೂರ್ತಿ ಕೊಟ್ಟಿದ್ದೇನಲ್ಲ, ಕೋಡೂ ನನ್ನದೇ ಅಲ್ಲವೇ?’ ಎಂದು ನೀವು ಕೇಳುವುದು ಸಹಜ. ಇಳಕಲ್ಲಿನಲ್ಲಿ ಮಾಲೀಕರು ನೂಲು ಕೊಡುತ್ತಾರೆ, ನೇಕಾರರು ಕೂಲಿಗೆ ನೇಯುತ್ತಾರೆ, ಸೀರೆ ಮಾಲೀಕರದು. ಸಾಫ್ಟ್‌ವೇರ್ ವಿಷಯದಲ್ಲಿ ಕಾನೂನು ಹಾಗೆ ಹೇಳುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದೆ. ಕೃತಿಯ ಮೊದಲ ಒಡೆಯ ಬರೆದವನೇ. ದುಡ್ಡು ಕೊಟ್ಟು ತೆಗೆಸಿದ ಫೋಟೋ ಅಥವಾ ಬರೆಸಿದ ಭಾವಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಮಾಡಿಸಿದವರದು. ಕಾಯ್ದೆಯ 17ನೇ ಕಲಮು ಕೊಟ್ಟಿರುವ ಆ ವಿನಾಯಿತಿಯಲ್ಲಿ ಸಾಫ್ಟ್‌ವೇರ್ ಇಲ್ಲ.

ಸಂಬಳದ ನೌಕರನ ವಿಷಯ ಬೇರೆ. ನಿಮ್ಮಲ್ಲೇ ಕೆಲಸಕ್ಕಿರುವವರು ಆ ಕೆಲಸದ ಭಾಗವಾಗಿ ಬರೆದ ಕೋಡು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿಮ್ಮದು. ಹೊರಗಿನ ಕಂಪನಿ ಅಥವಾ ಫ್ರೀಲ್ಯಾನ್ಸರ್, ಅಂದರೆ ಸ್ವತಂತ್ರವಾಗಿ ದುಡಿಯುವವರು, ಬರೆದರೆ ಅವರದು. ಕಂಪನಿಯೇ ಇನ್ನೊಬ್ಬ ಫ್ರೀಲ್ಯಾನ್ಸರ್‌ನಿಂದ ಬರೆಸಿದ್ದರೆ? ಅವರಿಂದ ಕಂಪನಿಗೆ ಹಕ್ಕು ಬಂದಿರಬೇಕು, ಆಮೇಲೆಯೇ ನಿಮಗೆ. ಇದನ್ನು ಬಾಯಿಬಿಟ್ಟು ಕೇಳಿ.

ಹಕ್ಕು ನಿಮ್ಮದಾಗಬೇಕಾದರೆ ಅಸೈನ್‌ಮೆಂಟ್, ಅಂದರೆ ಹಕ್ಕಿನ ವರ್ಗಾವಣೆ, ಬರಹದಲ್ಲಿ ಇರಬೇಕು. ಬರೆದುಕೊಟ್ಟವರ ಸಹಿ ಬೇಕು. ಬಾಯಿಮಾತು ಸಾಲದು. ‘ಎಲ್ಲ ಹಕ್ಕೂ ಗಿರಾಕಿಯದು’ ಎಂಬ ಒಂದು ಸಾಲೂ ಸಾಲದು. ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಎಂದು ಬರೆಯದಿದ್ದರೆ 19ನೇ ಕಲಮು ತಾನೇ ಉತ್ತರ ತುಂಬುತ್ತದೆ: ಐದು ವರ್ಷ, ಭಾರತ ಮಾತ್ರ.

ದೊಡ್ಡ ಕಂಪನಿಗಳನ್ನೂ ಇದು ಕಾಡಿದೆ. ಲಾರಿ ಮಾಲೀಕರು ಡೀಸೆಲ್‌ಗೆ ಬಳಸುವ ಇಂಡಿಯನ್ ಆಯಿಲ್ ಫ್ಲೀಟ್ ಕಾರ್ಡಿನ ಕೆಲಸಕ್ಕಾಗಿ, ಮುಂದೆ ಜೆಮಾಲ್ಟೊ ಎಂದಾದ ಕಂಪನಿಯು 2004ರ ಒಪ್ಪಂದದ ಮೇಲೆ ಪೈನ್ ಲ್ಯಾಬ್ಸ್‌ನಿಂದ ಸಾಫ್ಟ್‌ವೇರ್ ಬರೆಸಿತು. ಹಕ್ಕು ಬರೆಸಿದವರದು ಎಂದು ಒಪ್ಪಂದದಲ್ಲಿತ್ತು. ಅವಧಿ ಇರಲಿಲ್ಲ. ವ್ಯಾಜ್ಯ ಹುಟ್ಟಿತು. ಐದು ವರ್ಷ ಮುಗಿದ ಮೇಲೆ ಹಕ್ಕು ಪೈನ್ ಲ್ಯಾಬ್ಸ್‌ಗೆ ಮರಳಿತು ಎಂದು 2011ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಆದ್ದರಿಂದ ‘ಕಾಪಿರೈಟಿನ ಪೂರ್ತಿ ಅವಧಿಗೆ, ಜಗತ್ತಿನ ಎಲ್ಲ ದೇಶಗಳಿಗೆ’ ಎಂದೇ ಬರೆಸಿ. ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ವರ್ಗಾವಣೆ ಬಿದ್ದುಹೋಗುತ್ತದೆ ಎಂಬ ನಿಯಮವೂ ಇದೆ. ಅದು ಈ ಒಪ್ಪಂದಕ್ಕೆ ಅನ್ವಯಿಸದು ಎಂಬ ಸಾಲನ್ನೂ ಸೇರಿಸಿ.

ಆದರೆ ಸಣ್ಣ ಅಂಗಡಿಗೆ ಪೂರ್ತಿ ಒಡೆತನ ಬೇಕೇ ಬೇಕೆಂದು ನನಗೆ ಅನ್ನಿಸುವುದಿಲ್ಲ. ಬರೆಯುವವರು ಲಾಗಿನ್, ಪ್ರಿಂಟ್‌ನಂಥ ಭಾಗಗಳನ್ನು ನಾಲ್ಕಾರು ಗಿರಾಕಿಗಳಿಗೆ ಬಳಸಿಯೇ ಬದುಕುತ್ತಾರೆ. ಅದನ್ನೂ ಬಿಟ್ಟುಕೊಡಿ ಎಂದರೆ ಅವರು ಬೆಲೆ ಏರಿಸುತ್ತಾರೆ, ಅದು ನ್ಯಾಯವೇ. ಅವರ ಹಳೆಯ ಭಾಗಗಳು ಅವರಿಗೇ ಇರಲಿ. ನಿಮಗಾಗಿ ಹೊಸದಾಗಿ ಬರೆದದ್ದು ನಿಮ್ಮದಾಗಲಿ. ಉಳಿದದ್ದಕ್ಕೆ ಲೈಸೆನ್ಸ್, ಅಂದರೆ ಬಳಸುವ ಅನುಮತಿ, ಶಾಶ್ವತವಾಗಿ ಇರಲಿ. ಬೇರೆಯವರಿಂದ ತಿದ್ದಿಸುವ ಸ್ವಾತಂತ್ರ್ಯವೂ ಅದರಲ್ಲಿ ಬರಲಿ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಷರತ್ತಿನ ಮೇಲೆ ಬಳಸಬಹುದಾದ ಕೋಡು, ಎಲ್ಲೆಲ್ಲಿ ಸೇರಿದೆ ಎಂಬ ಪಟ್ಟಿ ಕೇಳಿ. ಅದರ ಒಡೆತನವನ್ನು ಅವರೂ ನಿಮಗೆ ಕೊಡಲಾರರು.

ಕಾಗದದಷ್ಟೇ ಮುಖ್ಯ, ಕೋಡು ಕೈಗೆ ಬರುವುದು. ಕೊನೆಯ ಕಂತನ್ನು ಅದಕ್ಕೆ ಕಟ್ಟಿಹಾಕಿ. ಸೋರ್ಸ್ ಕೋಡು, ಡೇಟಾಬೇಸ್, ಸರ್ವರಿನ ಪಾಸ್‌ವರ್ಡು, ನಿಮ್ಮ ಹೆಸರಿನಲ್ಲೇ ನೋಂದಾಯಿಸಿದ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಇಷ್ಟೂ ಬಂದ ಮೇಲೆ ಹಣ. ಬಂದ ಕೋಡಿನಿಂದ ಸಾಫ್ಟ್‌ವೇರನ್ನು ಇನ್ನೊಬ್ಬರು ಮತ್ತೆ ಕಟ್ಟಿ ಓಡಿಸಿ ತೋರಿಸಲಿ.

ಖರ್ಚಿನ ಮಾತು. ಒಪ್ಪಂದಕ್ಕೆ ವಕೀಲರ ಫೀಜು, ಸ್ಟ್ಯಾಂಪ್ ಶುಲ್ಕ ತಗಲುತ್ತದೆ. ಅಮೀನಗಡ, ಇಳಕಲ್ಲಿನವರಿಗೆ ಹತ್ತಿರದ ಹುನಗುಂದದ ನ್ಯಾಯಾಲಯದಲ್ಲಿ ವಕೀಲರು ಸಿಗುತ್ತಾರೆ. ಈ ಲೇಖನವನ್ನೇ ಮುಂದಿಟ್ಟು ಮಾತಾಡಿ. ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಆದರೆ ಜಗಳ ಬಂದಾಗ ಸಾಕ್ಷಿಯಾಗುತ್ತದೆ. ದೆಹಲಿಯ ಕಾಪಿರೈಟ್ ಕಚೇರಿಯ ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. 2021ರ ತಿದ್ದುಪಡಿಯಂತೆ ಕೋಡಿನ ಮೊದಲ 10 ಮತ್ತು ಕೊನೆಯ 10 ಪುಟಗಳನ್ನಾದರೂ ಕೊಡಬೇಕು.

ಈಗಾಗಲೇ ಹಣ ಕೊಟ್ಟಾಗಿದೆ, ಕಾಗದ ಇಲ್ಲ ಎನ್ನುವವರು ಗಾಬರಿಯಾಗಬೇಡಿ. ಸಾಫ್ಟ್‌ವೇರ್ ನ್ಯಾಯವಾಗಿ ನಿಮ್ಮ ಕೈಗೆ ಬಂದಿದ್ದರೆ, ಕೊಟ್ಟ ಉದ್ದೇಶಕ್ಕೆ ಅದನ್ನು ಬಳಸಲು, ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು 52ನೇ ಕಲಮು ಅವಕಾಶ ಕೊಡುತ್ತದೆ. ವರ್ಗಾವಣೆ ಪತ್ರವನ್ನು ಈಗಲೂ ಬರೆಸಿಕೊಳ್ಳಬಹುದು. ಬರೆದುಕೊಟ್ಟವರ ಫೋನ್ ನಂಬರ್ ಇನ್ನೂ ಸಿಗುತ್ತಿರುವಾಗಲೇ ಆ ಕೆಲಸ ಮುಗಿಸಿ.